ಐಸಕ್ಕನ ಮೊದಲ ಡಬ್ಬಿ

ಐಸಕ್ಕನಿಗೆ ಆ ಹೆಸರಿಟ್ಟವರು ಯಾರು ಅಂತ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೇಟಿನ ಕಾವಲುಗಾರ ತಾನೇ ಅನ್ನುತ್ತಾನೆ. ಕ್ಯಾಂಟೀನಿನವನು, ಅವನಿಗಿಂತ ಒಂದು ವಾರ ಮುಂಚೆಯೇ ತಾನು ಕರೆದಿದ್ದೆ ಅನ್ನುತ್ತಾನೆ. ಯಾರಿಟ್ಟರೇನು, ಹೆಸರು ಮಾತ್ರ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿದೆ. ಹನ್ನೊಂದು ವರ್ಷ ಐಸ್ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಇಲ್ಲಿ ಫ್ರೀಜರ್ ಕೋಣೆ ಕಾಯ್ದವಳಿಗೆ ಬೇರೆ ಹೆಸರು ಹೇಗೆ ತಾನೇ ಅಂಟೀತು?

ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ಬೀರುವಿಗಿಂತ ಎತ್ತರದ ಐದು ಫ್ರೀಜರುಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿವೆ. ಒಳಗೆ ಮೈನಸ್ ಎಂಬತ್ತು ಡಿಗ್ರಿ. ಬರಿಗೈಯಲ್ಲಿ ಒಳಗಿನ ಕಬ್ಬಿಣ ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ಐಸಕ್ಕ ಇವನ್ನು ನಂಬರಿನಿಂದ ಕರೆದದ್ದೇ ಇಲ್ಲ. ಎಲ್ಲಕ್ಕಿಂತ ಹಳೆಯದು, ಹಗಲಿಡೀ ಗೊಣಗುವುದು, ದೊಡ್ಡತ್ತೆ. ಅದರ ಪಕ್ಕದ್ದು ಚಿಕ್ಕತ್ತೆ. ಬಾಗಿಲು ಒಂದು ಚೂರು ಸಡಿಲವಾದರೂ ಮೂರು ಮಹಡಿಗೆ ಕೇಳುವ ಹಾಗೆ ಕೂಗಿಕೊಳ್ಳುವುದು ನಾದಿನಿ. ಏನೇ ಆಗಲಿ ತನಗೆ ಸಂಬಂಧವಿಲ್ಲ ಅಂತ ಮೂಲೆಯಲ್ಲಿ ನಿಂತಿರುವುದು ಭಾವ. ಹೋದ ವರ್ಷ ಬಂದದ್ದು ಹೊಸ ಸೊಸೆ. "ಇನ್ನೂ ಬಾಯಿ ಬಂದಿಲ್ಲ, ನೋಡ್ತಾ ಇರಿ" ಅನ್ನುತ್ತಾಳೆ ಐಸಕ್ಕ.

ಬೆಳಗ್ಗೆ ಬಂದವಳೇ ಐದರ ಉಷ್ಣತೆಯನ್ನೂ ಬರೆದಿಡುವುದು, ಬಾಗಿಲ ಅಂಚಿನ ರಬ್ಬರಿನ ಮೇಲೆ ಕೂತ ಹಿಮವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯುವುದು, ಮೋಟಾರಿನ ಜಾಲರಿಯ ಧೂಳು ಒರೆಸುವುದು. ಟೈಲರ್ ಗಂಡ ಉಳಿದ ಬಟ್ಟೆಯ ತುಂಡುಗಳಿಂದ ಹೊಲಿದುಕೊಟ್ಟ ಹೂವಿನ ಚಿತ್ರದ ಒಳಗವಸು, ಅದರ ಮೇಲೆ ಕೇಂದ್ರದವರು ಕೊಟ್ಟ ದಪ್ಪ ನೀಲಿ ಗವಸು. ದೊಡ್ಡ ದೊಡ್ಡ ಪದವಿಯವರು ಬಂದು ಫ್ರೀಜರಿನ ಬಾಗಿಲು ತೆಗೆದು, ನಿಂತುಕೊಂಡು, ತಲೆ ಕೆರೆದುಕೊಳ್ಳುತ್ತಾ ಹುಡುಕತೊಡಗಿದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. "ಹುಡುಕೋದನ್ನ ಹೊರಗೆ ಹುಡುಕಿ ಸಾರ್, ಒಳಗೆ ಬರೀ ತೆಗೆಯೋದು" ಅನ್ನುತ್ತಾ ಬಾಗಿಲನ್ನು ಅವರ ಮೂಗಿನ ಮುಂದೆಯೇ ಹಾಕುತ್ತಾಳೆ. ಯಾರೂ ಎದುರು ಮಾತಾಡುವುದಿಲ್ಲ.

ಅಲ್ಲಿ ನಡೆಯುತ್ತಿದ್ದ ಸಂಶೋಧನೆ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಇಪ್ಪತ್ತು ವರ್ಷದ ಹಿಂದೆ ಊರಿನ ಎಂಬತ್ತೊಂದು ಜನ ತಾವಾಗಿ ಬಂದು ಹೆಸರು ಕೊಟ್ಟರು. ಚೀಟಿ ಎತ್ತಿ ಅವರನ್ನು ಎರಡು ಪಾಲು ಮಾಡಿದರು. ಒಂದು ಪಾಲು ಯಾವತ್ತಿನ ಹಾಗೆ ತಿನ್ನುವವರು, ಇನ್ನೊಂದು ಪಾಲು ಕಾಲು ಭಾಗ ಕಡಿಮೆ ತಿನ್ನುವವರು. ಪ್ರತಿ ವರ್ಷ ಎಲ್ಲರ ರಕ್ತ ತೆಗೆದು, ಅದರಿಂದ ಬೇರೆಯಾಗುವ ತಿಳಿಹಳದಿ ಸೀರಂ ಅನ್ನು ಕಿರುಬೆರಳಷ್ಟು ಟ್ಯೂಬುಗಳಲ್ಲಿ ತುಂಬಿ ಹೆಪ್ಪುಗಟ್ಟಿಸಿ ಇಡುವುದು. ಕಡಿಮೆ ತಿಂದವರಿಗೆ ಮುಪ್ಪು ತಡವಾಗಿ ಬರುತ್ತದೋ ಇಲ್ಲವೋ ಇಪ್ಪತ್ತು ವರ್ಷ ಕಳೆದ ಮೇಲೆ ಹೋಲಿಸಿ ನೋಡುವುದು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮ ಅಜ್ಜಿಯಂದಿರು ಪುಕ್ಕಟೆ ಹೇಳಿದ್ದರು. ಆದರೆ ವಿಜ್ಞಾನಕ್ಕೆ ಗಾದೆ ಸಾಲದು, ಟ್ಯೂಬು ಬೇಕು.

ಟ್ಯೂಬು ಇಡುವ ಡಬ್ಬಿಗೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು ಗೂಡು. ಅಂದರೆ ಎಂಬತ್ತೊಂದು. ವರ್ಷಕ್ಕೊಂದು ಡಬ್ಬಿ. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಡಬ್ಬಿ, ಯಾರೂ ಊಟ ಬದಲಿಸುವುದಕ್ಕೆ ಮುಂಚಿನ ರಕ್ತ. ಹೇಗಿದ್ದರು ಅಂತ ಗೊತ್ತಿದ್ದರೆ ತಾನೇ ಹೇಗಾದರು ಅಂತ ಹೇಳುವುದು? ಆ ಡಬ್ಬಿಗೆ ಟೇಪು ಸುತ್ತಿ, ದೊಡ್ಡತ್ತೆಯ ಕೆಳಗಿನ ಅರೆಯಲ್ಲಿಟ್ಟು, ಇಪ್ಪತ್ತು ವರ್ಷ ತೆರೆಯಕೂಡದು ಅಂತ ಬರೆದಿದ್ದರು.

ಆ ಡಬ್ಬಿ ತುಂಬಿದವಳು ಐಸಕ್ಕ. ಕೆಲಸಕ್ಕೆ ಸೇರಿ ಅಂದಿಗೆ ಮೂರನೇ ದಿನ. ಬೆಳಗಿನಿಂದ ಎಂಬತ್ತೊಂದು ಜನ ಖಾಲಿ ಹೊಟ್ಟೆಯಲ್ಲಿ ಬಂದು, ಮೊಗಸಾಲೆಯ ಬೆಂಚಿನಲ್ಲಿ ಕೂತು, ಸೂಜಿ ಚುಚ್ಚಿಸಿಕೊಂಡು ಹೊರಬಂದಾಗ ಚಹಾ ಬಿಸ್ಕತ್ತು ಕೊಟ್ಟವಳೂ ಅವಳೇ. ಯಾರು ಯಾರ ಜೊತೆ ಬಂದರು, ಯಾರು ಹೆದರಿದರು, ಯಾರು ಯಾರ ಕೈ ಹಿಡಿದುಕೊಂಡರು ಎಲ್ಲ ನೋಡಿದ್ದಳು. ಸಂಜೆ ಟ್ಯೂಬುಗಳು ಬಂದಾಗ, ನಂಬರಿನ ಪ್ರಕಾರ ಇಡು ಅಂತ ಹೇಳಿಯೂ ಹೇಳಿದ್ದರು. ಆದರೆ ನಂಬರು ಬಂದದ್ದು ಚೀಟಿ ಎತ್ತಿ. ಗಂಡನಿಗೆ ಏಳು, ಹೆಂಡತಿಗೆ ಅರವತ್ತನಾಲ್ಕು. ಜೊತೆಗೆ ಬಂದ ಅಕ್ಕತಂಗಿಯರಲ್ಲಿ ಒಬ್ಬಳು ಈ ಕಡೆ, ಒಬ್ಬಳು ಆ ಕಡೆ. ಐಸಕ್ಕನಿಗೆ ಮನಸ್ಸು ಬರಲಿಲ್ಲ. ಅಷ್ಟು ಚಳಿಯೊಳಗೆ, ಅಷ್ಟು ವರ್ಷ, ಗುರುತಿಲ್ಲದವರ ಪಕ್ಕ ಯಾಕೆ? ಹೇಗೂ ಪ್ರತಿ ಟ್ಯೂಬಿನ ಮೇಲೂ ಹೆಸರು, ನಂಬರು ಬರೆದ ಚೀಟಿ ಅಂಟಿಸಿದೆಯಲ್ಲ, ಎಲ್ಲಿಟ್ಟರೂ ಗೊತ್ತಾಗುತ್ತದೆ. ಹೀಗೆ ಅಂದುಕೊಂಡು, ಬಂದವರನ್ನು ಬಂದ ಹಾಗೆ, ಜೊತೆಗಾರರನ್ನು ಅಕ್ಕಪಕ್ಕ, ಒಂಟಿಯಾಗಿ ಬಂದವರನ್ನು ಮಾತುಗಾರರ ಪಕ್ಕ ಇಟ್ಟಳು. ಟೇಪು ಸುತ್ತಿದಳು. ಕೆಲಸ ಚೆನ್ನಾಗಿ ಆಯಿತು ಅಂತ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಅದು ತಪ್ಪು ಅಂತ ಗೊತ್ತಾಗುವುದಕ್ಕೆ ಒಂದು ವರ್ಷ ಬೇಕಾಯಿತು. ಕಂಪ್ಯೂಟರಿನಲ್ಲಿ ಡಬ್ಬಿಯ ನಕ್ಷೆ ಇರುತ್ತದೆ, ಒಂದನೇ ಗೂಡಿಗೆ ಒಂದನೇ ನಂಬರು ಅಂತ ಅದು ನಂಬಿಕೊಂಡಿರುತ್ತದೆ ಅಂತ ತಿಳಿಯುವಷ್ಟರಲ್ಲಿ ಡಬ್ಬಿ ತೆರೆಯುವ ಹಾಗಿರಲಿಲ್ಲ. ಎರಡನೇ ವರ್ಷದಿಂದ ಒಂದು ಟ್ಯೂಬೂ ಅತ್ತಿತ್ತ ಆಗಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೊದಲ ಡಬ್ಬಿಯದು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚೀಟಿ ಇದೆಯಲ್ಲ ಅನ್ನುವುದೊಂದೇ ಸಮಾಧಾನ.

ಇಪ್ಪತ್ತು ವರ್ಷ ತುಂಬಿತು. ಐಸಕ್ಕನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಒಂದು ಸೋಮವಾರ ಬೆಳಗ್ಗೆ ಕೇಂದ್ರದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಡಾಕ್ಟರಮ್ಮ ಅನ್ನುವವರು, ಅವರ ಜೊತೆ ಅಂಕಿಅಂಶದ ಮೇಷ್ಟ್ರು ಕೋಣೆಗೆ ಇಳಿದು ಬಂದರು. ಐಸಕ್ಕ ಡಬ್ಬಿ ತೆಗೆದು ಒಣ ಐಸಿನ ತಟ್ಟೆಯ ಮೇಲಿಟ್ಟಳು. ಟೇಪು ಬಿಚ್ಚಿ ಮುಚ್ಚಳ ಎತ್ತಿದರು. ಟ್ಯೂಬುಗಳೆಲ್ಲ ಬೋಳಾಗಿ ನಿಂತಿದ್ದವು. ಆ ಮೊದಲ ವರ್ಷ ಚಳಿ ತಡೆಯುವ ಚೀಟಿಗಳು ಇನ್ನೂ ಬಂದಿರಲಿಲ್ಲ, ಸಾಮಾನ್ಯ ಕಾಗದಕ್ಕೆ ಸಾಮಾನ್ಯ ಗೋಂದು ಹಚ್ಚಿ ಅಂಟಿಸಿದ್ದರು. ಚಳಿಗೆ ಗೋಂದು ಸತ್ತು, ಎಂಬತ್ತೊಂದು ಚೀಟಿಗಳೂ ಉದುರಿ ಡಬ್ಬಿಯ ತಳದಲ್ಲಿ ಬಿದ್ದಿದ್ದವು.

ಮೇಷ್ಟ್ರ ಮುಖ ಬಿಳಿಚಿತು. ದೊಡ್ಡ ಡಾಕ್ಟರಮ್ಮ ಮಾತ್ರ ಅಲ್ಲಾಡಲಿಲ್ಲ. "ಹೆದರಬೇಡಿ. ಚೀಟಿ ಹೋದರೆ ಹೋಗಲಿ, ನಕ್ಷೆ ಇದೆಯಲ್ಲ. ಒಂದನೇ ಗೂಡು ಒಂದನೇ ನಂಬರು. ನಮ್ಮ ಐಸಕ್ಕ ಇಟ್ಟ ಡಬ್ಬಿ, ಒಂದು ಗೂಡೂ ತಪ್ಪಿರಲ್ಲ" ಅಂದರು. ಮೇಷ್ಟ್ರಿಗೆ ಹೋದ ಜೀವ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಐಸಕ್ಕ ಗವಸು ಹಾಕಿದ ಕೈಯನ್ನೇ ನೋಡಿಕೊಂಡಳು. ಅವರು ಅಷ್ಟು ನಂಬಿ ಹೇಳದೆ ಬೈದಿದ್ದರೇ ವಾಸಿಯಾಗಿತ್ತು.

ಸಂಜೆ ಮನೆಯಲ್ಲಿ ಗಂಡ ಪಲ್ಯ ಬಡಿಸಿದ. ಅವಳು ತಟ್ಟೆ ಮುಟ್ಟಲಿಲ್ಲ.

"ಏನು, ನೀನೂ ಕಾಲು ಭಾಗ ಕಡಿಮೆ ತಿನ್ನೋರ ಪಾಲಿಗೆ ಸೇರಿದ್ಯಾ?" ಅಂದ.

ಅವಳು ಎಲ್ಲ ಹೇಳಿದಳು. ಇಪ್ಪತ್ತು ವರ್ಷದಲ್ಲಿ ಗಂಡನಿಗೂ ಇದನ್ನು ಹೇಳಿರಲಿಲ್ಲ. ಟೈಲರ್ ಪಲ್ಯದ ಸೌಟು ಕೆಳಗಿಟ್ಟ.

"ಹೇಳದೆ ಇದ್ರೆ ಏನಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ. ಕಡಿಮೆ ತಿಂದೋರ ರಕ್ತ ಜಾಸ್ತಿ ತಿಂದೋರದು ಅಂತ ಆಗುತ್ತೆ. ಇಪ್ಪತ್ತು ವರ್ಷ ಅಷ್ಟು ಜನ ಹೊಟ್ಟೆ ಕಟ್ಟಿದ್ದು ಸುಳ್ಳು ಲೆಕ್ಕ ಆಗುತ್ತೆ."

"ಹೇಳಿದ್ರೆ?"

"ನನ್ನ ಮರ್ಯಾದೆ ಹೋಗುತ್ತೆ. ನಾಲ್ಕು ತಿಂಗಳು ಇರೋವಾಗ."

"ನಾನು ಒಂದು ಸಲ ಮದುವೆ ಗಂಡಿನ ಪ್ಯಾಂಟು ಎರಡಿಂಚು ಗಿಡ್ಡ ಹೊಲಿದಿದ್ದೆ. ಹಿಂದಿನ ದಿನವೇ ಹೋಗಿ ಹೇಳ್ದೆ. ಬೈದ್ರು, ಆಮೇಲೆ ಬಿಚ್ಚಿ ಹೊಲಿಯೋಕೆ ಟೈಮ್ ಸಿಕ್ತು. ಹಾಕ್ಕೊಂಡು ನಿಂತ ಮೇಲೆ ಹೇಳಿದ್ರೆ ಏನು ಉಪಯೋಗ ಹೇಳು?" ಟೈಲರ್ ತಟ್ಟೆಯನ್ನು ಅವಳ ಕಡೆ ತಳ್ಳಿದ. "ಈಗ ಉಣ್ಣು. ಬೈಸ್ಕೊಳ್ಳೋಕೂ ಶಕ್ತಿ ಬೇಕು."

ಮರುದಿನ ಐಸಕ್ಕ ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ನಿಂತುಕೊಂಡೇ ಹೇಳಿದಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕಪಕ್ಕ ಇರ್ಲಿ ಅಂತ? ಟ್ಯೂಬುಗಳು? ಐಸಕ್ಕ, ಅವು ಟ್ಯೂಬುಗಳು!"

"ಹೌದು ಮೇಡಂ. ಆವಾಗ ನಂಗೆ ಜನರ ಹಾಗೇ ಕಾಣಿಸ್ತು."

"ಇಪ್ಪತ್ತು ವರ್ಷ ಬಾಯಿ ಬಿಡ್ಲಿಲ್ವಲ್ರೀ!"

"ತಪ್ಪಾಯ್ತು ಮೇಡಂ. ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ಮುಖ ಇಲ್ಲ."

ಡಾಕ್ಟರಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಸಿಟ್ಟು ನಿಜವಾದ ಸಿಟ್ಟೇ, ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಒಂದೊಂದು ಟ್ಯೂಬನ್ನೂ ಸೂಕ್ಷ್ಮವಾಗಿ ಪರೀಕ್ಷೆ ಮಾಡಿ ಯಾರದೆಂದು ಹುಡುಕಬಹುದಿತ್ತು, ಆದರೆ ಅದಕ್ಕೆ ಬೇಕಾಗುವಷ್ಟು ಸೀರಂ ಖರ್ಚು ಮಾಡಿದರೆ ಆಮೇಲೆ ಸಂಶೋಧನೆಗೆ ಏನೂ ಉಳಿಯುವುದಿಲ್ಲ. ಇರುವುದೇ ಒಂದು ಟೀ ಚಮಚದ ಹತ್ತನೇ ಒಂದು ಪಾಲು. ಕೊನೆಗೆ ತಿರುಗಿ, "ಯಾರನ್ನ ಎಲ್ಲಿಟ್ಟಿರಿ ಅಂತ ನೆನಪಿದ್ಯಾ?" ಅಂತ ಕೇಳಿದರು.

"ಐವತ್ತು ಜನರದು ಕಣ್ಣು ಮುಚ್ಚಿ ಹೇಳ್ತೀನಿ. ಮಿಕ್ಕಿದ್ದು ಅವರಿಗೇ ನೆನಪಿರುತ್ತೆ ಮೇಡಂ. ಯಾರ ಜೊತೆ ಬಂದ್ವಿ, ಯಾರ ಪಕ್ಕ ಕೂತ್ವಿ ಅಂತ ಯಾರು ಮರೀತಾರೆ? ಶನಿವಾರ ಹೇಗೂ ಎಲ್ಲರೂ ಬರ್ತಾರಲ್ಲ, ಈ ವರ್ಷದ ರಕ್ತ ಕೊಡೋಕೆ."

ಶನಿವಾರ ಕೇಂದ್ರದ ದೊಡ್ಡ ಸಭಾಂಗಣದಲ್ಲಿ ಕುರ್ಚಿ ಹಾಕಿಸಿದರು. ಒಂಬತ್ತು ಸಾಲು, ಸಾಲಿಗೆ ಒಂಬತ್ತು. ಅಂದರೆ ಡಬ್ಬಿಯೇ ಸಭಾಂಗಣವಾಯಿತು. ಐಸಕ್ಕ ಮುಂದೆ ಕಾಗದ ಪೆನ್ಸಿಲು ಹಿಡಿದು ನಿಂತಳು. ಎಂಬತ್ತೊಂದರಲ್ಲಿ ಒಂಬತ್ತು ಜನ ತೀರಿಕೊಂಡಿದ್ದರು. ಮೂವರು ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ, ಅವರನ್ನು ಫೋನಿನಲ್ಲಿ ಕೇಳಿದ್ದಾಗಿತ್ತು. ಅರವತ್ತೊಂಬತ್ತು ಜನ ಬಂದರು. ಕೆಲವರು ಕೋಲೂರಿಕೊಂಡು, ಕೆಲವರು ಮಗಳ ಕೈ ಹಿಡಿದು, ಒಬ್ಬ ಎಂಬತ್ತನಾಲ್ಕು ವರ್ಷದ ಮುದುಕ ಸೈಕಲ್ಲಿನಲ್ಲಿ.

ಯಾಕೆ, ಏನು ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಐಸಕ್ಕನ ಕಿವಿ ಕೆಂಪಾಯಿತು. ಆಮೇಲೆ ಹಿಂದಿನಿಂದ ಒಬ್ಬ ಅಜ್ಜಿ, "ಅಂದ್ರೆ ನಾನು ಇಪ್ಪತ್ತು ವರ್ಷ ನನ್ನ ತಂಗಿ ಪಕ್ಕದಲ್ಲೇ ಇದ್ದೀನಿ ಅಂತಾಯ್ತು" ಅಂದಳು. ತಂಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಅಜ್ಜಿ ನೇರ ನಡೆದು ಬಂದು ಎರಡನೇ ಸಾಲಿನ ಒಂದು ಕುರ್ಚಿಯಲ್ಲಿ ಕೂತು, ಪಕ್ಕದ ಖಾಲಿ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟಳು. "ಇದು ಅವಳದು. ಯಾರೂ ಕೂರಬೇಡಿ" ಅಂದಳು.

ಅಲ್ಲಿಂದ ಗಲಾಟೆಯೋ ಗಲಾಟೆ. ಅರವತ್ತೊಂಬತ್ತು ಜನರಿಗೂ ಒಂದೇ ಸಲ ಇಪ್ಪತ್ತು ವರ್ಷ ಚಿಕ್ಕ ವಯಸ್ಸಾಯಿತು. "ನೀವು ನನ್ನ ಪೇಪರ್ ಇಸ್ಕೊಂಡು ವಾಪಸ್ ಕೊಡ್ಲಿಲ್ಲ ಕಣ್ರೀ!" "ಇವರು ಆ ಮೂಲೇಲಿ ಕೂತು ಬೆವರ್ತಾ ಇದ್ರು." "ಬೆವರಿದ್ದು ನಾನಲ್ಲ, ನಿಮ್ಮೆಜಮಾನ್ರು." ಗಂಡ ಹೆಂಡತಿ ಒಂದು ಜೋಡಿ, ಯಾರು ಎಡಕ್ಕೆ ಯಾರು ಬಲಕ್ಕೆ ಅಂತ ಅಲ್ಲೇ ಜಗಳಕ್ಕೆ ನಿಂತರು. ಐಸಕ್ಕ ಗದರಿದಳು: "ಅಮ್ಮ ಮೊದಲು ಚಹಾ ಇಸ್ಕೊಂಡ್ರು, ನೀವು ಆಮೇಲೆ. ಅಮ್ಮ ಎಡಕ್ಕೆ, ನೀವು ಬಲಕ್ಕೆ. ಕೂತ್ಕೊಳ್ಳಿ." ಇಬ್ಬರೂ ತೆಪ್ಪಗೆ ಕೂತರು.

ಮೂರನೇ ಸಾಲಿನಲ್ಲಿ ನಿವೃತ್ತ ಟೀಚರಮ್ಮ ಕೂತಿದ್ದರು. ಅವರ ಪಕ್ಕಕ್ಕೆ ಬೇಕರಿಯವನನ್ನು ಕೂರಿಸಿದಳು ಐಸಕ್ಕ. ಬೇಕರಿಯವನು ಕಾಲು ಭಾಗ ಕಡಿಮೆ ತಿನ್ನುವ ಪಾಲಿಗೆ ಬಿದ್ದದ್ದು ಊರಿಗೇ ಗೊತ್ತಿದ್ದ ತಮಾಷೆ. ದಿನವಿಡೀ ಬ್ರೆಡ್ಡು ಬನ್ನುಗಳ ಮಧ್ಯೆ ಹೊಟ್ಟೆ ಕಟ್ಟಿ, ಎಪ್ಪತ್ತಮೂರಕ್ಕೆ ಒಲೆ ಊದುವ ಕೊಳವೆಯ ಹಾಗಿದ್ದ. ಟೀಚರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಅವತ್ತು ಈ ಮನುಷ್ಯ ನನ್ನ ಎಷ್ಟು ನಗಿಸಿದ್ರು ಅಂತೀರಿ! ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ನಂಗೆ. ಮುಂದಿನ ವರ್ಷದಿಂದ ಒಂದು ಜೋಕೂ ಬಾಯಿಂದ ಬರ್ಲಿಲ್ಲ. ಹಸಿದ ಹೊಟ್ಟೆ ಅಂದ್ರೆ ಹೀಗೇ ನೋಡಿ."

ಎಲ್ಲರೂ ನಕ್ಕರು. ಬೇಕರಿಯವನು ಕಾಲಿನ ಹೆಬ್ಬೆರಳು ನೋಡುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ಐಸಕ್ಕನ ಕಾಗದದಲ್ಲಿ ಎಂಬತ್ತೊಂದು ಚೌಕವೂ ತುಂಬಿತ್ತು.

ಇನ್ನು ಪರೀಕ್ಷೆ. ಸೀರಮ್ಮಿನ ಒಂದೇ ಹನಿಯಿಂದ ಆ ವ್ಯಕ್ತಿಯ ರಕ್ತದ ಗುಂಪು ಯಾವುದು ಅಂತ ಹೇಳಬಹುದು. ಒಂದು ಹನಿಯಾದರೆ ಹೋಗಲಿ ಅಂದರು ಡಾಕ್ಟರಮ್ಮ. ಎಲ್ಲರ ಗುಂಪೂ ಎರಡನೇ ವರ್ಷದ ಕಡತದಲ್ಲಿ ಬರೆದಿದೆ. ಐಸಕ್ಕನ ಕಾಗದ ಸರಿಯಿದ್ದರೆ ಎಂಬತ್ತೊಂದೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಮೊದಲ ಡಬ್ಬಿಯನ್ನು ಬಿಸಾಡುವುದೇ ಸರಿ, ಇಪ್ಪತ್ತು ವರ್ಷದ ಕೆಲಸ ನೀರಿನಲ್ಲಿ ಹೋಮ.

ಬುಧವಾರ ಲ್ಯಾಬಿನಲ್ಲಿ ಡಾಕ್ಟರಮ್ಮ ಒಂದೊಂದೇ ಟ್ಯೂಬು ನೋಡಿ ಗುಂಪು ಹೇಳುತ್ತಾ ಹೋದರು, ಮೇಷ್ಟ್ರು ಕಡತ ನೋಡಿ "ಸರಿ" ಅನ್ನುತ್ತಾ ಹೋದರು. ಐಸಕ್ಕ ಬಾಗಿಲ ಬಳಿ ನಿಂತಿದ್ದಳು.

"ಎ."

"ಸರಿ."

"ಓ."

"ಸರಿ."

"ಎಬಿ."

"ಸರಿ!" ಮೇಷ್ಟ್ರ ದನಿ ಏರಿತು. ಎಬಿ ಗುಂಪಿನವರು ಇದ್ದದ್ದೇ ಐದು ಜನ. ಒಂದನೇ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೇ ಸಾಲಿನ ನಾಲ್ಕನೇ ಗೂಡು ಟೀಚರಮ್ಮನದು. "ಸರಿ." ಐದನೆಯದು.

"ಬಿ."

ಮೇಷ್ಟ್ರು ಕಡತದ ಮೇಲೆ ಬೆರಳಿಟ್ಟರು. "ಇಲ್ಲ. ಬೇಕರಿಯವರದು ಓ ಅಂತಿದೆ."

ಡಾಕ್ಟರಮ್ಮ ಇನ್ನೊಮ್ಮೆ ಮಾಡಿದರು. ಬಿ. ಮುಂದಿನವನ್ನೂ ನೋಡಿದರು: ಸರಿ, ಸರಿ, ಸರಿ, ಕೊನೆಯ ಗೂಡಿನವರೆಗೂ ಸರಿ. ಎಂಬತ್ತು ಸರಿ, ಒಂದು ತಪ್ಪು. ಮೇಷ್ಟ್ರು ಕಡತ ಮುಚ್ಚಿ, "ಒಂದು ತಪ್ಪಿದೆ ಅಂದ್ರೆ ಬೇರೆ ಕಡೆನೂ ತಪ್ಪಿರಬಹುದು. ಇದನ್ನ ನಂಬಿ ನಾನು ಲೆಕ್ಕ ಹಾಕಲಾರೆ" ಅಂದರು. ಶನಿವಾರ ಕೈಚೀಲ ಇಟ್ಟುಕೊಂಡು ಕೂತಿದ್ದ ಅಜ್ಜಿ ನೆನಪಾಗಿ ಐಸಕ್ಕನಿಗೆ ಕಣ್ಣು ತುಂಬಿತು. ಆಮೇಲೆ ಇದ್ದಕ್ಕಿದ್ದ ಹಾಗೆ ತಲೆಯೆತ್ತಿದಳು.

"ಮೇಷ್ಟ್ರೇ, ಒಂದು ಮಾತು. ಬಸ್ಸು ಭರ್ತಿ ಆಗಿದೆ ಅನ್ನಿ. ಒಬ್ಬ ತಪ್ಪು ಸೀಟಲ್ಲಿ ಕೂತ್ರೆ, ಆ ಸೀಟಿನವನೂ ಇನ್ನೆಲ್ಲೋ ತಪ್ಪು ಸೀಟಲ್ಲಿ ಕೂತಿರಬೇಕಲ್ವಾ? ನಾನು ಅದಲು ಬದಲು ಮಾಡಿದ್ರೆ ಎರಡು ಕಡೆ ತಪ್ಪು ಬರಬೇಕಿತ್ತು. ಒಂದೇ ಕಡೆ ಹೇಗೆ ಬರುತ್ತೆ?"

ಮೇಷ್ಟ್ರು ಕಡತ ಮತ್ತೆ ತೆರೆದರು. "ಹೌದಲ್ರೀ" ಅಂದರು. ಮೂವತ್ತು ವರ್ಷ ಅಂಕಿಅಂಶ ಕಲಿಸಿದ ಮನುಷ್ಯ, ಪಾಪ.

"ಗೂಡು ತಪ್ಪಿಲ್ಲ. ರಕ್ತವೇ ಅವರದಲ್ಲ" ಅಂದಳು ಐಸಕ್ಕ. ಅಷ್ಟು ಹೊತ್ತಿಗೆ ಟೀಚರಮ್ಮನ ಮಾತು ಅವಳ ತಲೆಯಲ್ಲಿ ತಾಳೆಯಾಗಿತ್ತು. ಏಪ್ರನ್ ಬಿಚ್ಚಿಟ್ಟು ನೇರ ಬೇಕರಿಗೆ ನಡೆದಳು.

ಬೇಕರಿಯವನು ಗಲ್ಲೆಯ ಹಿಂದೆ ಬನ್ನು ಜೋಡಿಸುತ್ತಿದ್ದ. ಹೆಂಡತಿ ಬಿಲ್ಲು ಬರೆಯುತ್ತಿದ್ದಳು. ಐಸಕ್ಕ ಸುತ್ತಿ ಬಳಸಿ ಮಾತಾಡುವ ಜಾತಿಯಲ್ಲ.

"ಅಣ್ಣಾ, ಆ ಮೊದಲನೇ ದಿನ ನಿಮ್ಮ ಹೆಸರಲ್ಲಿ ಬಂದೋರು ಯಾರು?"

ಬನ್ನಿನ ತಟ್ಟೆ ಕೈಯಲ್ಲೇ ನಿಂತಿತು. ಹೆಂಡತಿ ಪೆನ್ನು ಕೆಳಗಿಟ್ಟಳು. ಬೇಕರಿಯವನು ಅತ್ತ ನೋಡಿದ, ಇತ್ತ ನೋಡಿದ, ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ.

"ನನ್ನ ತಮ್ಮ" ಅಂದ.

ಸೂಜಿ ಕಂಡರೆ ಕಾಲಿಗೆ ಬುದ್ಧಿ ಹೇಳುವವನಂತೆ ಬೇಕರಿಯವನು. ಹೆಸರು ಕೊಟ್ಟಾಗಿತ್ತು, ಹೋಗದಿದ್ದರೆ ಅವಮಾನ. ತಮ್ಮ ನೋಡುವುದಕ್ಕೆ ಅವನ ಹಾಗೇ ಇದ್ದ. "ಅದಕ್ಯಾಕೆ ಅಳ್ತೀಯ, ನಾನು ಹೋಗಿ ಕೊಟ್ಟು ಬರ್ತೀನಿ ಬಿಡು" ಅಂತ ಹೋಗಿ, ಚುಚ್ಚಿಸಿಕೊಂಡು, ನಕ್ಕು ನಗಿಸಿ, ನಾಲ್ಕು ಬಿಸ್ಕತ್ತು ತಿಂದು ಬಂದಿದ್ದ. ಮುಂದಿನ ವರ್ಷ ತಮ್ಮ ಊರಲ್ಲಿರಲಿಲ್ಲ. ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋದಳು. ಅಲ್ಲಿಂದ ಅಭ್ಯಾಸವಾಯಿತು.

ಹೆಂಡತಿಗೆ ಇದು ಹೊಸ ಸುದ್ದಿ. "ಅಂದ್ರೆ ನಾನು ಇಪ್ಪತ್ತು ವರ್ಷ ತೂಕ ಮಾಡಿ ಮಾಡಿ ಬಡಿಸಿದ್ದು ದಂಡಾನಾ?"

"ನಂಗೂ ಅದೇ ಸಂಕಟ ಕಣೇ. ಸುಳ್ಳು ಹೇಳಿದ್ದಕ್ಕೆ ಊಟನಾದ್ರೂ ಸರಿಯಾಗಿ ಬಿಡೋಣ ಅಂತ ಒಂದು ದಿನಾನೂ ತಪ್ಪಿಸ್ಲಿಲ್ಲ."

ಐಸಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗಲ್ಲೆಗೆ ಒರಗಿ ನಕ್ಕಳು. "ದಂಡ ಅಲ್ಲಮ್ಮ. ಅವರ ಲೆಕ್ಕಕ್ಕೆ ಬರಲ್ಲ, ನಿಮ್ಮ ಯಜಮಾನ್ರ ಆಯುಸ್ಸಿಗೆ ಬಂತು. ಎಪ್ಪತ್ತಮೂರಕ್ಕೆ ಈ ನಡ ಯಾರಿಗಿದೆ?" ಅಂದಳು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ತಾನು ಇಟ್ಟ ಎಂಬತ್ತೊಂದು ಗೂಡಿನಲ್ಲಿ ಒಂದೂ ತಪ್ಪಿರಲಿಲ್ಲ.

ದೊಡ್ಡ ಡಾಕ್ಟರಮ್ಮ ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತು, ಆಮೇಲೆ ನಗತೊಡಗಿದರು. ಪಕ್ಕಪಕ್ಕದವರ ಗುಂಪು ಒಂದೇ ಇದ್ದ ಕೆಲವು ಟ್ಯೂಬುಗಳಿಂದ ಮಾತ್ರ ಇನ್ನೊಂದೊಂದು ಹನಿ ತೆಗೆದು ಬೇರೊಂದು ಪರೀಕ್ಷೆಗೆ ಕೊಟ್ಟರು, ಅವೂ ಸರಿಹೋದವು. ಎಂಬತ್ತು ಜನರ ಲೆಕ್ಕ ನಿಂತಿತು. ಐಸಕ್ಕನಿಗೆ ಒಂದು ಎಚ್ಚರಿಕೆ ಪತ್ರವೂ ಬಂತು, ಡಾಕ್ಟರಮ್ಮನ ಸಹಿಯೊಂದಿಗೆ. "ತಪ್ಪು ತಪ್ಪೇ ಐಸಕ್ಕ. ಆದರೆ ನಂಬರಿನ ಪ್ರಕಾರ ಇಟ್ಟಿದ್ದರೆ ನಾವು ಯಾರ ಗುಂಪನ್ನೂ ನೋಡ್ತಿರ್ಲಿಲ್ಲ. ಬೇಕರಿಯವರ ತಮ್ಮನ ರಕ್ತ ಬೇಕರಿಯವರದೇ ಅಂತ ಲೆಕ್ಕಕ್ಕೆ ಸೇರಿರೋದು" ಅಂದರು. ಐಸಕ್ಕ ಪತ್ರವನ್ನು ಮಡಿಸಿ ಇಟ್ಟುಕೊಂಡಳು. ಮನೆಯಲ್ಲಿ ಗಂಡ ಅದನ್ನು ಎರಡು ಸಲ ಓದಿ, ಭಾಷೆ ಚೆನ್ನಾಗಿದೆ ಅಂದ.

ಉಳಿದದ್ದು ಆ ಒಂದು ಟ್ಯೂಬು. ಸಂಶೋಧನೆಗೆ ಸೇರದ್ದನ್ನು ನಾಶ ಮಾಡಬೇಕು, ಅದು ನಿಯಮ. ಹಾಗೆ ಮಾಡುತ್ತೇವೆ ಅಂತ ತಿಳಿಸಲು ಬೇಕರಿಗೆ ಫೋನು ಮಾಡಿದಾಗ ಬೇಕರಿಯವನು, "ನಾನು ಬರ್ತೀನಿ, ಅಲ್ಲೀವರೆಗೂ ಮುಟ್ಟಬೇಡಿ" ಅಂದ. ಅಂಗಡಿಯ ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದ.

ತಮ್ಮ ಎಂಟು ವರ್ಷದ ಹಿಂದೆ ಬೇರೆ ಊರಿನಲ್ಲಿ ತೀರಿಕೊಂಡಿದ್ದ. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದು ಹೋಗಿತ್ತು. ಅಣ್ಣನಿಗೆ ಮುಖ ನೋಡುವುದಕ್ಕೂ ಸಿಕ್ಕಿರಲಿಲ್ಲ. ಇದನ್ನು ಅವನು ಫ್ರೀಜರ್ ಕೋಣೆಯ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ.

ಡಾಕ್ಟರಮ್ಮ ಐಸಕ್ಕನನ್ನು ನೋಡಿದರು, ಐಸಕ್ಕ ಡಾಕ್ಟರಮ್ಮನನ್ನು ನೋಡಿದಳು. "ಹತ್ತಿರದ ಸಂಬಂಧಿಕರು ಕೇಳಿ ಬರೆದುಕೊಟ್ರೆ ಇಟ್ಟುಕೊಳ್ಳೋ ಅವಕಾಶ ಇದೆ" ಅಂತ ಡಾಕ್ಟರಮ್ಮ ಒಂದು ಫಾರಂ ಚಾಚಿದರು. ಸಂಬಂಧ ಅನ್ನುವ ಕಡೆ ಅವನು 'ಅಣ್ಣ' ಅಂತ ಬರೆದ. ಅಷ್ಟು ಬರೆಯುವುದಕ್ಕೆ ಎರಡು ಸಲ ಪೆನ್ನು ಎತ್ತಿದ.

ಐಸಕ್ಕ ಅವನ ಕೈಗೆ ದಪ್ಪ ಗವಸು ಹಾಕಿಸಿ, ಟ್ಯೂಬನ್ನು ಅಂಗೈ ಮೇಲಿಟ್ಟಳು. ತಳದಲ್ಲಿ ಒಂದಿಷ್ಟು ಹಳದಿ, ಅಷ್ಟೇ. ಬೇಕರಿಯವನು ಅದನ್ನು ಮುಖದ ಹತ್ತಿರ ಹಿಡಿದ. ಮೊದಲು ನಗು ಬಂತು, ಆಮೇಲೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಲೋ, ಕತ್ತೆ. ಸೂಜಿ ಚುಚ್ಚಿಸ್ಕೊಂಡು ಬಂದಾಗ ನೋವಾಯ್ತೇನೋ ಅಂತ ಕೂಡ ನಾನು ನಿನ್ನ ಕೇಳ್ಲಿಲ್ಲ."

ಐಸಕ್ಕ ಕಣ್ಣೊರೆಸಿಕೊಳ್ಳಲು ಹೋದಳು, ಗವಸು ಅಡ್ಡ ಬಂತು. "ನೋವಾಗಿರ್ಲಿಲ್ಲ ಅಣ್ಣಾ" ಅಂದಳು. "ನಾನೇ ಚಹಾ ಕೊಟ್ಟಿದ್ದು. ನಗ್ತಾನೇ ಕುಡಿದ್ರು."